ಕೊನೆಯ ಹೊಡೆತದ ಹಿಂದಿನ ಹೊಡೆತ

ಸುಗ್ಗಿ ಮುಗಿದು ಬೈಲಹೊಂಗಲದ ಸುತ್ತಣ ಎರೆಯ ಹೊಲಗಳು ಬರಿದಾಗಿ ಬಾಯ್ದೆರೆಯುವ ಕಾಲಕ್ಕೆ ಊರೂರ ಬಯಲುಗಳಲ್ಲಿ ಕ್ರಿಕೆಟ್ ಪಂದ್ಯಗಳು ಮೊದಲಾಗುತ್ತವೆ. ಕಿತ್ತೂರಿನದೊಂದು ತಂಡ, ಸವದತ್ತಿಯದೊಂದು, ರಾಮದುರ್ಗದಿಂದ ಮತ್ತೊಂದು ಟೆಂಪೋಗಳಲ್ಲಿ ಕಿಕ್ಕಿರಿದು ಬಂದಿಳಿಯುತ್ತವೆ. ಆಡುವುದು ಟೆನಿಸ್ ಚೆಂಡಿನಲ್ಲಿ. ಎಲ್ಲೆಗೆ ಸುಣ್ಣದ ಗೆರೆ. ಮಾವಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನ ವರ್ಣನೆ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ ಎಂಬ ಕಟ್ಟುನಿಟ್ಟಿನ ಲೆಕ್ಕ. ಸಂಜೆ ಇಳಿಯುವ ಹೊತ್ತಿಗೆ ಅಂತಿಮ ಪಂದ್ಯದ ಕೊನೆಯ ಚೆಂಡನ್ನು ಯಾವನೋ ಒಬ್ಬ ಹುಡುಗ ಗೆರೆಯಾಚೆಗೆ ಎತ್ತಿ ಹೊಡೆದರೆ ಮುಗಿಯಿತು, ಅವನ ಕಾಲು ನೆಲ ಮುಟ್ಟುವುದು ಮನೆಯ ಬಾಗಿಲಲ್ಲಿಯೇ. ಗುಲಾಲು, ಹಾರ, ಹಲಗೆಯ ಸದ್ದು.

ಅಂಥ ಒಂದು ಸಂಜೆ, ಮೈಯೆಲ್ಲ ಗುಲಾಲು ಮಾಡಿಕೊಂಡು ಮನೆಗೆ ಓಡಿಬಂದ ಮೊಮ್ಮಗನಿಗೂ ಕಟ್ಟೆಯ ಮೇಲೆ ಕುಳಿತ ಅಜ್ಜನಿಗೂ ನಡೆಯಬಹುದಾದ ಮಾತು ಇಷ್ಟು:

“ಅಜ್ಜಾ, ಕಡೀ ಬಾಲಿಗೆ ಸಿಕ್ಸರ್ ಹೊಡದ ಗೆಲ್ಲಿಸಿದ!”

“ಛಲೋ ಆತು. ಅದರಕಿಂತ ಮೊದಲ ಯಾರ ಆಡಾಕತ್ತಿದ್ರು?”

“ಯಾರೋ ಇದ್ದರಪಾ... ನನಗ ನೆನಪಿಲ್ಲ.”

“ಅಂವಾ ಬರೂತನಕ ನಿಂತಾವ ಯಾರಂತ ಗೊತ್ತಿಲ್ಲಂದ್ರ, ನೀ ಅರ್ಧಾ ಆಟ ನೋಡೀದಿ ನೋಡಪಾ.”

ಮೊಮ್ಮಗನಿಗೆ ಈ ಮಾತು ಹಿಡಿಸಲಾರದು. ಗೆದ್ದ ಸಂಜೆ ಲೆಕ್ಕ ಕೇಳುವ ಹಿರಿಯರು ಯಾರಿಗೂ ಹಿಡಿಸುವುದಿಲ್ಲ. ಆದರೂ ಅಜ್ಜನ ಆ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ಮೈದಾನಗಳಿಗೆ ಕೊಂಡೊಯ್ದು ಕೇಳಿ ನೋಡಿದರೆ, ಮೊಮ್ಮಗನಂತೆಯೇ ತಲೆ ಕೆರೆದುಕೊಳ್ಳುವವರು ಸಾವಿರಾರು ಮಂದಿ ಸಿಕ್ಕುತ್ತಾರೆ.

1983ರ ವಿಶ್ವಕಪ್ಪನ್ನೇ ತೆಗೆದುಕೊಳ್ಳಬಹುದು. ಆ ವರ್ಷದ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಸಣ್ಣ ಊರಿನಲ್ಲಿ ಭಾರತಕ್ಕೂ ಜಿಂಬಾಬ್ವೆಗೂ ಪಂದ್ಯ. ಹಿಂದಿನ ಎರಡು ಪಂದ್ಯಗಳಲ್ಲಿ ಆಸ್ಟ್ರೇಲಿಯಾಕ್ಕೂ ವೆಸ್ಟ್ ಇಂಡೀಸಿಗೂ ಸೋತಿದ್ದ ಭಾರತಕ್ಕೆ ಇಲ್ಲಿಯೂ ಸೋಲಾದರೆ ಮುಂದಿನ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. 17 ರನ್ನಿಗೆ ಐದು ವಿಕೆಟ್ಟುಗಳು ಉರುಳಿದವು. ಆಗ ನಾಯಕ ಕಪಿಲ್ ದೇವ್ ಅಜೇಯ 175 ರನ್ನು ಹೊಡೆದುದು ದೇಶಕ್ಕೆಲ್ಲ ಬಾಯಿಪಾಠವಾದ ಕಥೆ. ಆ ಆಟದ ಚಲನಚಿತ್ರ ಉಳಿದಿಲ್ಲವಾದರೂ ಅದನ್ನು ಕಣ್ಣಾರೆ ಕಂಡಂತೆ ಹೇಳುವವರಿಗೆ ಕೊರತೆಯಿಲ್ಲ.

ಆದರೆ ಕಪಿಲರು ಒಬ್ಬರೇ ಆಡಲಿಲ್ಲ. ಎದುರು ತುದಿಯಲ್ಲಿ ಒಬ್ಬನು ನಿಲ್ಲದೆ ಕ್ರಿಕೆಟ್ಟಿನಲ್ಲಿ ಎಂಥ ಶೂರನೂ ಆಡಲಾರ. ಐದು ವಿಕೆಟ್ಟು ಬಿದ್ದಾಗ ಬಂದು ನಿಂತವರು ಬೆಂಗಳೂರಿನ ರೋಜರ್ ಬಿನ್ನಿ. ಅವರು ಮಾಡಿದ್ದು 22 ರನ್ನು. ಆದರೆ ನಾಯಕನೊಡನೆ ಸೇರಿ 17ನ್ನು 77ಕ್ಕೆ ಒಯ್ದರು. ಅವರ ಹಿಂದೆಯೇ ಏಳನೆಯ ವಿಕೆಟ್ಟೂ ಹೋದಾಗ ಮದನ್ ಲಾಲ್ ಬಂದು 17 ರನ್ನು ಮಾಡಿ ಮೊತ್ತವನ್ನು 140ಕ್ಕೆ ತಲುಪಿಸಿದರು. ಆಮೇಲೆ ಬಂದವರು ಕರ್ನಾಟಕದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಅವರು ಕೊನೆಯವರೆಗೆ ಔಟಾಗಲಿಲ್ಲ. ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ರನ್ನುಗಳ ಜೊತೆಯಾಟ. ಅದರಲ್ಲಿ ಕಿರ್ಮಾನಿಯವರ ಪಾಲು 24. ಭಾರತದ ಮೊತ್ತ 266. ಗೆಲುವು 31 ರನ್ನುಗಳಿಂದ. ಬಿನ್ನಿ, ಮದನ್ ಲಾಲ್, ಕಿರ್ಮಾನಿ ಮೂವರ ರನ್ನುಗಳನ್ನು ಕೂಡಿಸಿದರೆ 63. ಆ 63ನ್ನು ತೆಗೆದುಹಾಕಿದರೆ 175 ಎಂಬ ಸಂಖ್ಯೆಗೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ.

ಒಂದು ವಾರ ಕಳೆದು, ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಅಂತಿಮ ಪಂದ್ಯ. 161 ರನ್ನಿಗೆ ಭಾರತದ ಒಂಬತ್ತು ವಿಕೆಟ್ಟುಗಳು ಹೋಗಿದ್ದವು. ಕೊನೆಯ ಜೋಡಿ ಕಿರ್ಮಾನಿ ಮತ್ತು ಬಲ್ವಿಂದರ್ ಸಂಧು. ಮಾರ್ಷಲರ ಚೆಂಡು ಸಂಧುವಿನ ಶಿರಸ್ತ್ರಾಣಕ್ಕೆ ಬಡಿಯಿತು. ಆದರೂ ಅವರು ನಿಂತರು. ಆ ಜೋಡಿ ಕೂಡಿಸಿದ್ದು 22 ರನ್ನು. ಭಾರತದ ಮೊತ್ತ 183. ಅದನ್ನು ಬೆನ್ನಟ್ಟಿದ ವೆಸ್ಟ್ ಇಂಡೀಸ್ 140ಕ್ಕೆ ಮುಗಿಯಿತು. ರಿಚರ್ಡ್ಸರ ಚೆಂಡನ್ನು ಕಪಿಲ್ ದೇವ್ ಹಿಂದಕ್ಕೋಡಿ ಹಿಡಿದ ಚಿತ್ರ ಎಷ್ಟೋ ಮನೆಗಳ ಗೋಡೆಯ ಮೇಲೆ ಉಂಟು. ಕೊನೆಯ ಜೋಡಿಯ 22 ರನ್ನುಗಳಿಗೆ ಯಾರೂ ಚೌಕಟ್ಟು ಹಾಕಿಸಿದಂತಿಲ್ಲ.

ಇದು ನಮ್ಮ ದೇಶದವರ ಮರೆವು ಮಾತ್ರವಲ್ಲ. ಅಮೆರಿಕದವರಿಗೆ ಬೇಸ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. ಚಿನ್ನಿದಾಂಡು ಆಡಿ ಬೆಳೆದವರಿಗೆ ಅದರ ಸಾರ ತಿಳಿಯುವುದು ಕಷ್ಟವಲ್ಲ. ದಾಂಡಿಗನು ಚೆಂಡನ್ನು ಹೊಡೆದು ಮೂರು ನೆಲೆಗಳನ್ನು ಸುತ್ತಿ ಮತ್ತೆ ಮನೆಯ ನೆಲೆಗೆ ಬಂದರೆ ಒಂದು ರನ್ನು. ಚೆಂಡನ್ನು ಆವರಣದಾಚೆಗೇ ಹಾರಿಸಿದರೆ ಅವನೂ, ಅವನಿಗೆ ಮೊದಲೇ ನೆಲೆಗಳಲ್ಲಿ ನಿಂತು ಕಾಯುತ್ತಿದ್ದವರೂ ನಿರಾತಂಕವಾಗಿ ಮನೆ ಸೇರುತ್ತಾರೆ; ತಲೆಗೊಂದು ರನ್ನು. ಇದಕ್ಕೆ ಅವರು ‘ಹೋಮ್ ರನ್’ ಎನ್ನುತ್ತಾರೆ. ಆಟಕ್ಕೆ ಒಂಬತ್ತು ಸರದಿ; ಸಮವಾದರೆ ಇನ್ನೂ ಮುಂದಕ್ಕೆ. ಅವರ ಅಂತಿಮ ಸರಣಿ ಏಳು ಪಂದ್ಯಗಳದು. ನಾಲ್ಕನ್ನು ಗೆದ್ದವರದು ಕಿರೀಟ.

1960ರ ಅಕ್ಟೋಬರ್ 13ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಪೈರೇಟ್ಸ್ ಮತ್ತು ಯಾಂಕೀಸ್ ತಂಡಗಳ ನಡುವೆ ಏಳನೆಯ, ಎಂದರೆ ಕಟ್ಟಕಡೆಯ ಪಂದ್ಯ ನಡೆಯಿತು. ಒಂಬತ್ತನೆಯ ಸರದಿಯಲ್ಲಿ, 9ಕ್ಕೆ 9 ಎಂದು ಸಮವಾಗಿದ್ದಾಗ, ಪೈರೇಟ್ಸಿನ ಬಿಲ್ ಮ್ಯಾಜರಾಸ್ಕಿ ಹೋಮ್ ರನ್ ಹೊಡೆದು ಪಂದ್ಯವನ್ನೂ ಸರಣಿಯನ್ನೂ ಗೆಲ್ಲಿಸಿದನು. ಆ ಊರಿನಲ್ಲಿ ಅವನ ವಿಗ್ರಹವನ್ನೇ ನಿಲ್ಲಿಸಿದ್ದಾರೆ.

ಅದಕ್ಕೆ ಸ್ವಲ್ಪವೇ ಮುಂಚೆ, ಎಂಟನೆಯ ಸರದಿಯಲ್ಲಿ, ಪೈರೇಟ್ಸ್ ತಂಡ 7ಕ್ಕೆ 4ರಿಂದ ಹಿಂದೆ ಬಿದ್ದಿತ್ತು. ಹೇಗೋ ಎರಡು ರನ್ನು ಬಂದು 7ಕ್ಕೆ 6 ಆದಾಗ ದಾಂಡು ಹಿಡಿದು ನಿಂತವನು ಹಾಲ್ ಸ್ಮಿತ್. ಅವನು ತಂಡದ ಮೊದಲ ಆಯ್ಕೆಯ ಆಟಗಾರನೂ ಅಲ್ಲ. ಆ ದಿನ ಮುಖ್ಯ ಕ್ಯಾಚರ್ ಹೊರಗೆ ಹೋದ ಮೇಲೆ ಒಳಗೆ ಬಂದವನು. ಇಬ್ಬರು ಸಂಗಡಿಗರು ನೆಲೆಗಳಲ್ಲಿ ಕಾಯುತ್ತಿರಲು ಅವನು ಚೆಂಡನ್ನು ಗೋಡೆಯಾಚೆಗೆ ಕಳಿಸಿದನು. ಮೂರು ರನ್ನು, 9ಕ್ಕೆ 7. ಮೈದಾನ ಹುಚ್ಚೆದ್ದು ಕುಣಿಯಿತು. ಯಾಂಕೀಸರನ್ನು ಇನ್ನೊಂದು ಸರದಿ ತಡೆದಿದ್ದರೆ ವಿಗ್ರಹ ಹಾಲ್ ಸ್ಮಿತ್‌ನದಾಗುತ್ತಿತ್ತು. ಆದರೆ ಅವನ ತಂಡದ ಎಸೆಗಾರರು ಒಂಬತ್ತನೆಯ ಸರದಿಯಲ್ಲಿ ಎರಡು ರನ್ನು ಬಿಟ್ಟುಕೊಟ್ಟರು, ಪಂದ್ಯ ಸಮವಾಯಿತು, ಮ್ಯಾಜರಾಸ್ಕಿಗೆ ಅವಕಾಶ ದೊರೆಯಿತು.

ಸ್ಮಿತ್‌ನ ಹೊಡೆತದಲ್ಲಿ ಕೊರತೆಯೇನೂ ಇರಲಿಲ್ಲ. ಮರೆವಿಗೆ ಕಾರಣವಾದದ್ದು ಆಮೇಲೆ ಬೇರೆಯವರು ಮಾಡಿದ ತಪ್ಪು. ಆ ತಪ್ಪು ನಡೆಯದಿದ್ದರೆ ಮ್ಯಾಜರಾಸ್ಕಿ ದಾಂಡನ್ನೇ ಎತ್ತಬೇಕಾಗಿರಲಿಲ್ಲ. ಸ್ಮಿತ್ ಹೊಡೆಯದಿದ್ದರೆ ಮ್ಯಾಜರಾಸ್ಕಿಯ ಹೊಡೆತದಿಂದ ಪಂದ್ಯ ಗೆಲ್ಲುವಂತೆಯೂ ಇರಲಿಲ್ಲ. ಒಬ್ಬನ ಕೀರ್ತಿ ಎಷ್ಟು ಜನರ ಸೋಲುಗೆಲುವುಗಳ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕುವುದು ಕಷ್ಟ.

ಹದಿನೈದು ವರ್ಷಗಳ ಬಳಿಕ, 1975ರ ಅಕ್ಟೋಬರ್ 21ರಂದು, ಬಾಸ್ಟನ್ನಿನಲ್ಲಿ ಅದೇ ಕಥೆ ಮತ್ತೆ ನಡೆಯಿತು. ಅಂತಿಮ ಸರಣಿಯ ಆರನೆಯ ಪಂದ್ಯ. ಹನ್ನೆರಡನೆಯ ಸರದಿಯಲ್ಲಿ ಕಾರ್ಲ್‌ಟನ್ ಫಿಸ್ಕ್ ಹೊಡೆದ ಹೋಮ್ ರನ್ನೂ, ಚೆಂಡು ಗೆರೆಯ ಒಳಗೇ ಬೀಳಲೆಂದು ಅವನು ಕೈಬೀಸಿ ಬೇಡಿಕೊಂಡ ಭಂಗಿಯೂ ಅಮೆರಿಕದ ಮನೆಮನೆಗೆ ಪರಿಚಿತ. ಅದಕ್ಕೆ ಮುಂಚೆ ಎಂಟನೆಯ ಸರದಿಯಲ್ಲಿ, ತಂಡ 6ಕ್ಕೆ 3ರಿಂದ ಹಿಂದಿದ್ದಾಗ, ಬದಲಿ ದಾಂಡಿಗನಾಗಿ ಬಂದು ಮೂರು ರನ್ನಿನ ಹೋಮ್ ರನ್ ಹೊಡೆದು ಸಮಮಾಡಿದವನು ಬರ್ನಿ ಕಾರ್ಬೋ. ಅವನಿಲ್ಲದೆ ಹನ್ನೆರಡನೆಯ ಸರದಿಯೇ ಇರುತ್ತಿರಲಿಲ್ಲ. ಮರುದಿನ ಬಾಸ್ಟನ್ ಏಳನೆಯ ಪಂದ್ಯವನ್ನು ಸೋತು ಸರಣಿಯನ್ನೂ ಕಳೆದುಕೊಂಡಿತು ಎಂಬುದು ಬೇರೆ ಮಾತು. ಸೋತ ಸರಣಿಯಲ್ಲಿಯೂ ಫಿಸ್ಕ್ ಉಳಿದನು. ಕಾರ್ಬೋ ಬಲ್ಲವರ ನಾಲಗೆಗಷ್ಟೇ ಉಳಿದನು.

ಹಾಗಾದರೆ ಬಾಲಂಗೋಚಿ ಆಟಗಾರರನ್ನು ಜನ ನೆನೆಯುವುದೇ ಇಲ್ಲವೆ? ನೆನೆಯುತ್ತಾರೆ, ಕೊನೆಯ ಹೊಡೆತ ಅವರದೇ ಆಗಿದ್ದರೆ. 1996ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಎಂಟು ವಿಕೆಟ್ಟು ಕಳೆದುಕೊಂಡಿದ್ದ ಭಾರತವನ್ನು ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್ ಮುರಿಯದ 52 ರನ್ನು ಸೇರಿಸಿ ಗೆಲ್ಲಿಸಿದರು. ಕನ್ನಡಿಗರು ಅದನ್ನು ಇಂದಿಗೂ ಮನೆಯ ಹಬ್ಬದಂತೆ ನೆನೆಯುತ್ತಾರೆ. ಪ್ರೇಕ್ಷಕರ ನಡುವೆ ಇಬ್ಬರ ತಾಯಂದಿರೂ ಕುಳಿತಿದ್ದುದನ್ನು ಹೇಳದೆ ಆ ಕಥೆ ಮುಗಿಯುವುದಿಲ್ಲ. ಅದೇ ಶ್ರೀನಾಥ್ 1998ರ ಜನವರಿ 18ರಂದು ಢಾಕಾದಲ್ಲಿ, ಪಾಕಿಸ್ತಾನದ ವಿರುದ್ಧದ ಮೂರನೆಯ ಅಂತಿಮ ಪಂದ್ಯದಲ್ಲಿ, ಕೊನೆಯ ಓವರಿನಲ್ಲಿ ಹೃಷಿಕೇಶ ಕಾನಿಟ್ಕರ್ ನಾಲ್ಕು ರನ್ನು ಹೊಡೆದು ಗೆಲ್ಲಿಸಿದಾಗ ಎದುರು ತುದಿಯಲ್ಲಿದ್ದರು. ಅಲ್ಲಿ ಕೊನೆಯ ಹೊಡೆತ ಕಾನಿಟ್ಕರರದು, ನೆನಪೂ ಅವರದೇ. ಅಂದು ಸೌರವ್ ಗಂಗೂಲಿಯವರ 124 ರನ್ನಿಗೆ ಜೊತೆಯಾಗಿ 82 ರನ್ನು ಮಾಡಿ, ಬೆಟ್ಟದಂತಿದ್ದ 315ರ ಗುರಿಯನ್ನು ಕೈಗೆಟುಕುವಂತೆ ಮಾಡಿದ ರಾಬಿನ್ ಸಿಂಗರ ಹೆಸರು ಹೇಳುವವರು ಕಡಿಮೆ.

ಇನ್ನೊಂದು ಬಗೆಯ ಮರೆವು ಉಂಟು. ಹೊಡೆತ ಎದುರಾಳಿಯದಾಗಿದ್ದರೆ ನಾವು ಬೇಕೆಂದೇ ಮರೆಯುತ್ತೇವೆ.

1981-82ರ ರಣಜಿ ಋತುವಿನಲ್ಲಿ ಕರ್ನಾಟಕ ಬಲಶಾಲಿಯಾಗಿತ್ತು. ಬೆಂಗಳೂರಿನಲ್ಲಿ ಮುಂಬಯಿಯ ವಿರುದ್ಧ ನಡೆದ ಉಪಾಂತ್ಯ ಪಂದ್ಯದಲ್ಲಿ ಪುತ್ತೂರಿನ ರಘುರಾಮ ಭಟ್ಟರು ಹ್ಯಾಟ್ರಿಕ್ ಪಡೆದರು. ಅವರ ಎಡಗೈ ಸ್ಪಿನ್ನಿಗೆ ಅಂಜಿ ಸುನಿಲ್ ಗಾವಸ್ಕರರಂಥ ಗಾವಸ್ಕರರೇ ಎರಡನೆಯ ಸರದಿಯಲ್ಲಿ ಎಡಗೈ ಆಟಕ್ಕೆ ತಿರುಗಿಕೊಂಡರೆಂಬುದು ಕನ್ನಡಿಗರು ನಕ್ಕು ನಕ್ಕು ಹೇಳುವ ಕಥೆ. ಆದರೆ ಅದರ ಮುಂದಿನ ಅಧ್ಯಾಯವನ್ನು ಅಷ್ಟು ಉತ್ಸಾಹದಿಂದ ಯಾರೂ ಹೇಳುವುದಿಲ್ಲ.

1982ರ ಮಾರ್ಚಿಯಲ್ಲಿ ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಅಂತಿಮ ಪಂದ್ಯ. ಕರ್ನಾಟಕ ಮೊದಲ ಸರದಿಯಲ್ಲಿ 705 ರನ್ನು ಪೇರಿಸಿತು. ರಣಜಿಯ ನಿಯಮದಂತೆ ಪಂದ್ಯ ಮುಗಿಯದೆ ನಿಂತರೆ ಮೊದಲ ಸರದಿಯಲ್ಲಿ ಮುಂದಿದ್ದವರದೇ ಗೆಲುವು. 705 ರನ್ನು ಕೈಯಲ್ಲಿದ್ದ ಮೇಲೆ ಟ್ರೋಫಿಯನ್ನು ಬೆಂಗಳೂರಿನ ರೈಲಿಗೆ ಹತ್ತಿಸುವುದಷ್ಟೇ ಬಾಕಿ ಎಂದುಕೊಂಡವರನ್ನು ತಪ್ಪೆನ್ನಲಾಗದು. ದೆಹಲಿಯ ಮೊಹಿಂದರ್ ಅಮರನಾಥ್ 185 ರನ್ನು ಮಾಡಿ ಹೋರಾಡಿದರು. ಆದರೂ 589ಕ್ಕೆ ಎಂಟು ವಿಕೆಟ್ಟು ಹೋಗಿತ್ತು. ಇನ್ನೂ 117 ರನ್ನು ಬೇಕು. ಉಳಿದವು ಎರಡೇ ವಿಕೆಟ್ಟು. ಹೆಸರಾಂತ ದಾಂಡಿಗರೆಲ್ಲರೂ ಕೈಕಾಲು ತೊಳೆದು ಕುಳಿತಿದ್ದರು.

ಆಗ ಮೈದಾನದಲ್ಲಿದ್ದವರು ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್. ಇಬ್ಬರೂ ಹೆಚ್ಚಾಗಿ ಚೆಂಡೆಸೆತಕ್ಕೆ ತಂಡದಲ್ಲಿದ್ದವರು. ಕರ್ನಾಟಕದ ಆಟಗಾರರು ಕಾದರು. ಒಂದು ವಿಕೆಟ್ಟು ಬಿದ್ದರೆ ಇನ್ನೊಂದು ತಾನಾಗಿ ಬಿದ್ದೀತು ಎಂಬ ಲೆಕ್ಕ. ಆ ಒಂದು ಬೀಳಲೇ ಇಲ್ಲ. ಶುಕ್ಲಾ 69, ಪೀಟರ್ 67, ಇಬ್ಬರೂ ಔಟಾಗದೆ ಮುರಿಯದ 118 ರನ್ನು ಕೂಡಿಸಿದರು. ದೆಹಲಿ 8 ವಿಕೆಟ್ಟಿಗೆ 707. ಟ್ರೋಫಿ ದೆಹಲಿಯಲ್ಲಿಯೇ ಉಳಿಯಿತು. ಶುಕ್ಲಾ ಮುಂದೆ ಭಾರತಕ್ಕಾಗಿ ಒಂದೇ ಒಂದು ಟೆಸ್ಟ್ ಪಂದ್ಯ ಆಡಿದರು. ಪೀಟರರಿಗೆ ಆ ಭಾಗ್ಯವೂ ಬರಲಿಲ್ಲ. ಸೋಲಿಸಿದವರ ಹೆಸರನ್ನು ನೆನೆಯಲು ದೊಡ್ಡ ಮನಸ್ಸು ಬೇಕು. ಆದರೆ 705 ಎಂಬ ಅಂಕಿಯನ್ನು ಹೆಮ್ಮೆಯಿಂದ ಹೇಳುವವರು 118ನ್ನೂ ಹೇಳದಿದ್ದರೆ, ಕಟ್ಟೆಯ ಮೇಲಿನ ಅಜ್ಜ ಅಂದಂತೆ, ಅವರು ನೋಡಿದ್ದು ಅರ್ಧ ಆಟವೇ ಸರಿ.

ಮೂರನೆಯ ಬಗೆಯ ಮರೆವು ನಮ್ಮ ಸೀಮೆಗೆ ತೀರ ಹತ್ತಿರದ್ದು. ರಾಮದುರ್ಗದಿಂದ ನರಗುಂದದ ಮೇಲೆ ಹಾದರೆ ಗದಗ ದೂರವಲ್ಲ. ಆ ಗದಗಿನ ಸುನಿಲ್ ಜೋಶಿ ಶಾಲೆಯ ಹುಡುಗನಾಗಿದ್ದಾಗ ನಸುಕಿನಲ್ಲಿಯೇ ಹೊರಟು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ಕರ್ನಾಟಕ ತಮಿಳುನಾಡನ್ನು ಮದರಾಸಿನಲ್ಲಿ ಎದುರಿಸಿ ರಣಜಿ ಟ್ರೋಫಿ ಗೆದ್ದ 1995-96ರ ಋತುವಿನಲ್ಲಿ ಅವರು ಐನೂರಕ್ಕೂ ಮೇಲೆ ರನ್ನು, ಐವತ್ತಕ್ಕೂ ಮೇಲೆ ವಿಕೆಟ್ಟು ಎರಡನ್ನೂ ಸಂಪಾದಿಸಿದರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರುಗಳಲ್ಲಿ ಕೇವಲ ಆರು ರನ್ನು ಕೊಟ್ಟು ಐದು ವಿಕೆಟ್ಟು ಕಿತ್ತರು. ಆರು ಓವರುಗಳಲ್ಲಿ ಒಂದು ರನ್ನೂ ಇಲ್ಲ.

2000ದ ನವೆಂಬರಿನಲ್ಲಿ ಬಾಂಗ್ಲಾದೇಶ ತನ್ನ ಮೊತ್ತಮೊದಲ ಟೆಸ್ಟ್ ಪಂದ್ಯವನ್ನು ಢಾಕಾದಲ್ಲಿ ಭಾರತದ ವಿರುದ್ಧ ಆಡಿತು. ಹೊಸಬರೆಂದು ಎಣಿಸಿದವರು ಸರಿಯಾಗಿ 400 ರನ್ನು ಮಾಡಿದರು. ಭಾರತದ ಆರು ವಿಕೆಟ್ಟುಗಳು ಅದರ ಸಮೀಪಕ್ಕೂ ಬಾರದೆ ಹೋದವು. ನಾಚಿಕೆಯ ಬಾಗಿಲಿಗೆ ಬಂದ ತಂಡವನ್ನು ನಾಯಕ ಗಂಗೂಲಿಯವರೊಡನೆ ನಿಂತು ಎತ್ತಿದವರು ಜೋಶಿ. ಅವರು ಮಾಡಿದ್ದು 92 ರನ್ನು. ಎರಡೂ ಸರದಿಗಳಲ್ಲಿ ಕೂಡಿ ಎಂಟು ವಿಕೆಟ್ಟು. ಪಂದ್ಯಪುರುಷ ಪ್ರಶಸ್ತಿಯೂ ಅವರಿಗೇ. ಆದರೆ ಆ ಪಂದ್ಯವನ್ನು ಇಂದು ಗಂಗೂಲಿಯವರು ಟೆಸ್ಟ್ ನಾಯಕರಾದ ಮೊದಲ ಪಂದ್ಯವೆಂದೂ, ಬಾಂಗ್ಲಾದೇಶದ ಅಮೀನುಲ್ ಇಸ್ಲಾಮ್ 145 ರನ್ನು ಹೊಡೆದ ಪಂದ್ಯವೆಂದೂ ನೆನೆಯುತ್ತಾರೆ. ಗೆಲ್ಲುವುದೇ ಸಹಜವೆಂದು ಬಗೆದ ಪಂದ್ಯದಲ್ಲಿ ಸೋಲನ್ನು ತಪ್ಪಿಸಿದವನಿಗೆ ಮೆರವಣಿಗೆಯಿಲ್ಲ.

ಕಿತ್ತೂರು ಸೀಮೆಯವರಿಗೆ ಇದನ್ನೆಲ್ಲ ವಿವರಿಸಿ ಹೇಳಬೇಕಾದ ಅಗತ್ಯ ಬಹುಶಃ ಇಲ್ಲ. ಆಟದ ಹೊಡೆತವನ್ನು ರಣದ ಹೊಡೆತಕ್ಕೆ ಹೋಲಿಸುವುದು ಉಚಿತವಲ್ಲ. ಒಂದರಲ್ಲಿ ಹೋಗುವುದು ವಿಕೆಟ್ಟು, ಇನ್ನೊಂದರಲ್ಲಿ ಪ್ರಾಣ. ಆದರೂ ನೆನಪಿನ ರೀತಿ ಎರಡರಲ್ಲಿಯೂ ಒಂದೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಬಿದ್ದು, ಕಂಪನಿಯ ದಂಡು ಸೋತಿತು. ರಾಣಿ ಚೆನ್ನಮ್ಮನ ಹೆಸರು ದೇಶಕ್ಕೆ ಗೊತ್ತು. ಸಂಗೊಳ್ಳಿ ರಾಯಣ್ಣನ ಹೆಸರು ನಾಡಿಗೆ ಗೊತ್ತು. ಆ ಗುಂಡನ್ನು ಹಾರಿಸಿದ ಅಮಟೂರು ಬಾಳಪ್ಪನ ಹೆಸರು ಈ ಸೀಮೆಯನ್ನು ದಾಟಿದರೆ ಎಷ್ಟು ಮಂದಿಗೆ ಗೊತ್ತು? ಅದೇ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಕೊನೆಯ ಗೆಲುವು ಕಂಪನಿಯದಾಯಿತು. ಆದರೂ ವರ್ಷವರ್ಷವೂ ಕಿತ್ತೂರಿನ ಉತ್ಸವ ಮೊದಲಾಗುವುದು ಅಕ್ಟೋಬರ್ 23ರಂದು. ಕೊನೆಯ ಹೊಡೆತವೇ ಎಲ್ಲವೂ ಅಲ್ಲವೆಂಬುದನ್ನು ಈ ನೆಲ ತನ್ನ ಪಂಚಾಂಗದಲ್ಲಿಯೇ ಬರೆದಿಟ್ಟುಕೊಂಡಿದೆ. ಆ ದಿನದ ಕಥೆ ಹೇಳುವಾಗ ಬಾಳಪ್ಪನ ಹೆಸರನ್ನೂ ಎತ್ತುವ ಅಜ್ಜಂದಿರು ಅಮಟೂರಿನ ಸುತ್ತ ಇನ್ನೂ ಇದ್ದಾರೆ.

ಮನೆಗಳಲ್ಲಿಯೂ ಹೀಗೆಯೇ. ಮಗನು ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದ ದಿನ ಪೇಢೆ ಹಂಚುವುದು ಅವನ ಹೆಸರಿನಲ್ಲಿ. ಅವನ ಫೀಜಿಗಾಗಿ ತನ್ನ ಓದನ್ನು ಅರ್ಧಕ್ಕೆ ನಿಲ್ಲಿಸಿದ ಅಕ್ಕ ಅಂದು ಅಡುಗೆಮನೆಯಲ್ಲಿ ಚಹಾ ಕಾಸುತ್ತಿರುತ್ತಾಳೆ. ಅವಳದು 24 ರನ್ನಿನ ಆಟ; ಔಟಾಗದೆ ನಿಂತದ್ದು. ಪೇಢೆಯ ಮೊದಲ ತುಂಡನ್ನು ಯಾರಿಗೆ ಕೊಡಬೇಕೆಂಬುದನ್ನು ಆ ಮನೆಯವರು ಒಂದು ನಿಮಿಷ ಯೋಚಿಸಿದರೆ ಸಾಕು.

ಬೈಲಹೊಂಗಲದ ಬಯಲಿನಲ್ಲಿ ಕತ್ತಲಾಗಿದೆ. ಸಿಕ್ಸರ್ ಹೊಡೆದ ಹುಡುಗನ ಮೆರವಣಿಗೆ ಪೇಟೆಯ ಕಡೆಗೆ ಸಾಗಿದೆ. ಹಲಗೆಯ ಸದ್ದು ಇನ್ನೂ ಕೇಳುತ್ತಿದೆ. ಮೈದಾನದ ಅಂಚಿನಲ್ಲಿ ಇನ್ನೊಬ್ಬ ಹುಡುಗ ಗೂಟಗಳನ್ನು ಕಿತ್ತು ಗೋಣಿಚೀಲಕ್ಕೆ ತುಂಬುತ್ತಿದ್ದಾನೆ. ಕೊನೆಯ ಚೆಂಡಿನ ಹೊತ್ತಿಗೆ ಎದುರು ತುದಿಯಲ್ಲಿದ್ದವನು ಅವನೇ. ಅಜ್ಜನ ಮಾತು ಕೇಳಿ ಮುಖ ಸಣ್ಣಗೆ ಮಾಡಿಕೊಂಡು ಮರಳಿ ಬಂದ ಮೊಮ್ಮಗ, ಸ್ವಲ್ಪ ಹೊತ್ತು ನಿಂತು ನೋಡಿ, ಚೀಲದ ಇನ್ನೊಂದು ತುದಿಯನ್ನು ಹಿಡಿದು ಕೇಳುತ್ತಾನೆ:

“ಅಣ್ಣಾ, ನೀ ಎಷ್ಟ ರನ್ ಮಾಡಿದಿ?”